ಪ್ರವೇಶ ಫಲಕದ ಕೊನೆಯ ಸಾಲು

1989ರ ಜೂನ್ ತಿಂಗಳಲ್ಲಿ ಜೇವರ್ಗಿ ತಾಲ್ಲೂಕಿನ ನಮ್ಮೂರಿನಿಂದ ಅಪ್ಪನೊಂದಿಗೆ ಬಸ್ಸು ಹತ್ತಿ, ಭೀಮಾ ನದಿ ದಾಟಿ, ಆಗಿನ್ನೂ ಗುಲಬರ್ಗಾ ಎಂದು ಕರೆಸಿಕೊಳ್ಳುತ್ತಿದ್ದ ಈ ನಗರಕ್ಕೆ ಬಂದಾಗ, ನಾನು ಮೊದಲು ಓದಿದ್ದು ನಮ್ಮ ಕಾಲೇಜಿನ ಕಚೇರಿಯ ಗೋಡೆಗೆ ತೂಗುಹಾಕಿದ್ದ ಪ್ರವೇಶ ಫಲಕವನ್ನು. ಕರಿಬಣ್ಣ ಬಳಿದ ಹಲಗೆಯ ಮೇಲೆ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಎಂಬ ಮೂರು ತಲೆಬರಹಗಳಿದ್ದವು. ಬಿ.ಎ. ಎಂಬುದರ ಕೆಳಗೆ ಮೂರು ಮೂರು ವಿಷಯಗಳ ಗುಂಪುಗಳನ್ನು ಸಾಲಾಗಿ ಬರೆದಿದ್ದರು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಗುಂಪು ಎಲ್ಲಕ್ಕಿಂತ ಮೇಲಿತ್ತು; ಎಲ್ಲರೂ ಅದನ್ನು ಎಚ್‌ಇಪಿ ಎಂದೇ ಕರೆಯುತ್ತಿದ್ದರು, ಅರ್ಜಿ ಹಿಡಿದು ನಿಂತವರಲ್ಲಿ ಹೆಚ್ಚಿನವರು ಅದಕ್ಕೇ ಬಂದವರು. ಕೊನೆಯ ಸಾಲಿನಲ್ಲಿ ‘ಇತಿಹಾಸ – ಭೂಗೋಳ – ಐಚ್ಛಿಕ ಕನ್ನಡ’ ಎಂದು ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಐದು ಅರ್ಜಿಗಳು ಬಂದರೆ ಮಾತ್ರ’ ಎಂದು ಸೇರಿಸಿದ್ದರು.

ನನ್ನ ಮನಸ್ಸು ಆ ಕೊನೆಯ ಸಾಲಿನ ಮೇಲೆ ನಿಂತಿತು. ಗುಮಾಸ್ತರು ನನ್ನ ಅಂಕಪಟ್ಟಿ ನೋಡಿ, ಮುಂದೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕೂರುವವರೆಲ್ಲ ಎಚ್‌ಇಪಿ ತೆಗೆದುಕೊಳ್ಳುತ್ತಾರೆ, ನೀನೂ ಅದನ್ನೇ ಹಿಡಿ ಎಂದು ಕಾಳಜಿಯಿಂದಲೇ ಹೇಳಿದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಅಪ್ಪ ಆ ಫಲಕವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ, “ನಿನ್ನ ಮನಸಿಗಿ ಯಾವ್ದು ಬರ್ತದ ಅದೇ ತಗೋ, ಓದಾಂವ ನೀ ಇದ್ದಿ” ಎಂದರು. ಆ ವರ್ಷ ಆ ಸಾಲಿಗೆ ಆರು ಅರ್ಜಿಗಳು ಬಂದವು.

ಆದರೆ ಅರ್ಜಿ ಬಂದ ಮಾತ್ರಕ್ಕೆ ತರಗತಿ ನಡೆಯುವುದಿಲ್ಲ ಎಂಬುದು ಎರಡು ವಾರಗಳಲ್ಲಿ ತಿಳಿಯಿತು. ಒಂದು ಕಾಲೇಜು ಯಾವ ಯಾವ ವಿಷಯಗಳನ್ನು ಒಟ್ಟಿಗೆ ಕೊಡಬಲ್ಲದು ಎಂಬುದನ್ನು ನಿರ್ಧರಿಸುವುದು ಎಷ್ಟೋ ಸಲ ವಿಷಯಗಳ ನಂಟಲ್ಲ, ವೇಳಾಪಟ್ಟಿ. ದಿನದ ಒಂದೇ ಗಂಟೆಯಲ್ಲಿ ನಡೆಯುವ ಎರಡು ವಿಷಯಗಳನ್ನು ಒಬ್ಬನೇ ವಿದ್ಯಾರ್ಥಿ ಓದಲಾಗದು. ಭೂಗೋಳಕ್ಕೆ ಪಾಠದ ಜೊತೆಗೆ ಪ್ರಾಯೋಗಿಕ ತರಗತಿಗಳೂ ಇದ್ದು, ಅವು ಐಚ್ಛಿಕ ಕನ್ನಡದ ಗಂಟೆಯ ಮೇಲೆಯೇ ಬಂದು ಕೂತಿದ್ದವು. ಆರು ಜನರಿಗಾಗಿ ಇಡೀ ಕಾಲೇಜಿನ ವೇಳಾಪಟ್ಟಿಯನ್ನು ಕದಲಿಸಲಾಗದೆಂದು ಪ್ರಾಂಶುಪಾಲರು ಹೇಳಿದಾಗ, ಭೂಗೋಳದ ಗುರುಗಳು ಪ್ರಾಯೋಗಿಕ ತರಗತಿಯನ್ನು ಬೆಳಿಗ್ಗೆ ಏಳೂವರೆಗೆ ತಾವೇ ತೆಗೆದುಕೊಳ್ಳುವುದಾಗಿ ಒಪ್ಪಿಕೊಂಡರು. ಮೂರು ವರ್ಷ ಅವರು ಆ ಮಾತಿಗೆ ತಪ್ಪಲಿಲ್ಲ. ನಗರದಲ್ಲಿ ಅಪ್ಪನ ಕೆರೆ ಎಂದೇ ಕರೆಯುವ ಶರಣಬಸವೇಶ್ವರ ಕೆರೆಯ ದಂಡೆಯ ಮೇಲೆ ಬಿಸಿಲೇರುವ ಮುನ್ನ ಸರಪಳಿ ಹಿಡಿದು ಅಳತೆ ಮಾಡಿದ್ದು, ಮೂರುಕಾಲಿನ ಹಲಗೆಯ ಮೇಲೆ ಕಾಗದ ಬಿಗಿದು ಕೆರೆಯ ಅಂಚನ್ನು ಗೆರೆಗಿಳಿಸಿದ್ದು ಆ ಗಂಟೆಯಲ್ಲಿಯೇ.

ಆ ಗುಂಪಿನ ಮೂರೂ ವಿಷಯಗಳು ಒಂದನ್ನೊಂದು ಹೇಗೆ ಬೆಳಗುತ್ತಿದ್ದವು ಎಂಬುದಕ್ಕೆ ಒಂದು ದಿನದ ಪಾಠವನ್ನು ಹೇಳಬೇಕು. ಐಚ್ಛಿಕ ಕನ್ನಡದಲ್ಲಿ ಕವಿರಾಜಮಾರ್ಗದ ಪಾಠ ನಡೆದಿತ್ತು. ಒಂಬತ್ತನೆಯ ಶತಮಾನದ ಆ ಕೃತಿ ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, ಅವನ ರಾಜಧಾನಿ ಮಾನ್ಯಖೇಟವೆಂದರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಅದರಲ್ಲಿ ಬರುವ ಮಾತನ್ನು ನಾವು ಶಾಲೆಯಿಂದಲೂ ಬಾಯಿಪಾಠ ಮಾಡಿದ್ದೆವು. ಗೋದಾವರಿ ಎಂದರೆ ನಮಗೆ ಎಲ್ಲಿಯೋ ದೂರದ, ಹಾಡಿ ಹೊಗಳುವ ನದಿಯಾಗಿತ್ತು. ಅದೇ ವಾರ ಭೂಗೋಳದಲ್ಲಿ ನದೀ ಜಲಾನಯನಗಳ ನಕ್ಷೆ ಬಿಡಿಸಬೇಕಾಯಿತು. ಮಳಖೇಡದ ಪಕ್ಕದ ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುವುದನ್ನು ನೀಲಿ ಪೆನ್ಸಿಲಿನಲ್ಲಿ ಎಳೆದು, ಅಲ್ಲಿಂದ ಬಡಗಣಕ್ಕೆ ಬೀದರ ಜಿಲ್ಲೆಗೆ ಹೋದರೆ ಮಾಂಜರಾ ನದಿ ಕೃಷ್ಣೆಯ ಕಡೆ ತಿರುಗದೆ ಗೋದಾವರಿಗೆ ಹೋಗಿ ಸೇರುತ್ತದೆ. ನೀರು ಎರಡು ಕಡೆಗೆ ಹಂಚಿಹೋಗುವ ದಿಣ್ಣೆ ನಮ್ಮ ಎರಡು ಜಿಲ್ಲೆಗಳ ಸೀಮೆಯಲ್ಲಿಯೇ ಇದೆ. ಗೋದಾವರಿಯ ನೀರು ನಮ್ಮ ನೆರೆಮನೆಯವರ ಹೊಲದಿಂದಲೇ ಹರಿದುಹೋಗುತ್ತಿತ್ತೆಂದು ನನಗೆ ಹೊಳೆದದ್ದು ಆ ಕಾಗದದ ಮೇಲೆ. ಕನ್ನಡದ ಗುರುಗಳಿಗೆ ಆ ನಕ್ಷೆಯನ್ನು ತೋರಿಸಿದೆ. ಅವರು ಅದನ್ನು ಮರುದಿನ ತರಗತಿಯ ಗೋಡೆಗೆ ಅಂಟಿಸಿ, ಅದರ ಮುಂದೆ ನಿಂತು ಆ ಪದ್ಯವನ್ನು ಮತ್ತೊಮ್ಮೆ ಓದಿದರು.

ಬಿ.ಎಸ್ಸಿ. ವಿಭಾಗಗಳು ನಮಗೆ ಹೊರಗಿನವೇ ಆಗಿದ್ದವು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಸಿಬಿಝಡ್ ತಂಡದವರು ಬಿಳಿ ಕೋಟು ತೊಟ್ಟು ಹೋಗುವುದನ್ನು ದೂರದಿಂದ ನೋಡುತ್ತಿದ್ದೆವು. ವಾಣಿಜ್ಯ ವಿಭಾಗ ಬೆಳಗಿನ ಪಾಳಿಯಲ್ಲಿ ನಡೆಯುತ್ತಿದ್ದುದರಿಂದ, ಮುಂದೆ ಊರಿನ ದಾಲ್ ಮಿಲ್ಲುಗಳ ಲೆಕ್ಕಪತ್ರ ನೋಡಿಕೊಂಡ ಆ ಗೆಳೆಯರ ಪರಿಚಯ ನನಗೆ ಕಾಲೇಜು ಬಿಟ್ಟ ಮೇಲೆಯೇ ಆಯಿತು. ಆದರೆ ಭೂವಿಜ್ಞಾನ ವಿಭಾಗದ ಬಾಗಿಲು ನಮಗೆ ತೆರೆದಿತ್ತು. ಒಂದು ಮಧ್ಯಾಹ್ನ ಅಲ್ಲಿಯ ಗುರುಗಳು ಎರಡು ಕಲ್ಲಿನ ಚೂರುಗಳನ್ನು ಮೇಜಿನ ಮೇಲಿಟ್ಟರು. ಒಂದು ನಮ್ಮ ಮನೆಗಳ ನೆಲಕ್ಕೆಲ್ಲ ಹಾಸಿರುವ ಶಹಾಬಾದ್ ಫರಸಿ. ಇನ್ನೊಂದು ಕೋಟೆಯ ಗೋಡೆಯಂಥ ಕರಿಕಲ್ಲು. ಎರಡರ ಮೇಲೂ ಸೌಮ್ಯ ಆಮ್ಲದ ಒಂದೊಂದು ಹನಿ ಬಿಟ್ಟರು. ಫರಸಿಯ ಮೇಲೆ ಹನಿ ಬಿದ್ದ ಕಡೆ ಸಣ್ಣಗೆ ಬುರುಗೆದ್ದಿತು, ಕರಿಕಲ್ಲು ಸುಮ್ಮನಿತ್ತು. ಒಂದು ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕಲ್ಲು, ಇನ್ನೊಂದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಎಂದು ವಿವರಿಸಿ, ಅವರು ಸನ್ನತಿಯ ಮಾತೆತ್ತಿದರು. ಭೀಮಾ ತೀರದ ಸನ್ನತಿಯಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ ಅಶೋಕನ ಶಾಸನದ ಕಲ್ಲು ಸಿಕ್ಕಿದ ಸುದ್ದಿ ನಮ್ಮ ಇತಿಹಾಸ ತರಗತಿಯಲ್ಲಿ ಆಗ ಬಿಸಿಬಿಸಿಯಾಗಿತ್ತು. ಅಲ್ಲಿಯ ಶಿಲ್ಪಿಗಳು ಕೆತ್ತಿದ್ದು ಈ ಸುಣ್ಣದ ಕಲ್ಲಿನ ಜಾತಿಯನ್ನೇ, ಪದರವಾಗಿ ಏಳುವ ಮೆತ್ತನೆಯ ಈ ಕಲ್ಲು ಸಿಗುವಲ್ಲಿ ಅಷ್ಟು ನಯವಾದ ಚಪ್ಪಡಿ ಶಿಲ್ಪ ಹುಟ್ಟಿದ್ದು ಸಹಜ ಎಂದು ಅವರು ಹೇಳಿದರು. ನಾನು ಪದವಿ ಮುಗಿಸಿದ ಮೇಲೆ ಹತ್ತಿರದ ಕನಗನಹಳ್ಳಿಯಲ್ಲಿ ಉತ್ಖನನ ನಡೆದು, ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅರಸನ ಶಿಲ್ಪ ಹೊರಬಂದಾಗ, ನನಗೆ ನೆನಪಾದದ್ದು ಮೇಜಿನ ಮೇಲಿನ ಆ ಆಮ್ಲದ ಹನಿ.

ಇನ್ನು ಉರ್ದು ವಿಭಾಗ. ನನ್ನ ಜೀವನಕ್ಕೆ ಒದಗಿ ಬಂದ ವಿದ್ಯೆಯ ಋಣ ಅಲ್ಲಿ ಹೆಚ್ಚಿದೆ. ಫಲಕದಲ್ಲಿ ಭಾಷೆಗಳ ಸಾಲಿನಲ್ಲಿ ಕನ್ನಡ, ಹಿಂದಿ, ಉರ್ದು, ಮರಾಠಿ, ಸಂಸ್ಕೃತ ಎಂದು ಬರೆದಿತ್ತು. ಇಷ್ಟು ಭಾಷೆಗಳನ್ನು ಮನೆಮಾತಾಗಿಯೋ ಪಾಠವಾಗಿಯೋ ಒಟ್ಟಿಗೆ ಕಾಣುವ ಊರು ನಮ್ಮದು. ನಾನು ಆರಿಸಿಕೊಂಡಿದ್ದು ಕನ್ನಡ. ಆದರೆ ಎರಡನೆಯ ವರ್ಷದ ಆರಂಭದಲ್ಲಿ ಇತಿಹಾಸದ ಗುರುಗಳು, ಈ ಜಿಲ್ಲೆಯ ಇತಿಹಾಸವನ್ನು ಮೂಲದಲ್ಲಿ ಓದಬೇಕೆನ್ನುವವರು ಉರ್ದು ಲಿಪಿಯನ್ನಾದರೂ ಕಲಿಯಬೇಕೆಂದು ಹೇಳಿ, ನಮ್ಮಲ್ಲಿ ಮೂವರನ್ನು ಮೊದಲ ಮಹಡಿಯ ಮೂಲೆಯ ಕೋಣೆಗೆ ಕರೆದೊಯ್ದರು. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದವರು. ಆಡಳಿತದ ಭಾಷೆ ಉರ್ದುವಾಗಿತ್ತು, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸುವ ಭಾಷೆಯೂ ಅದೇ. 1956ರ ಏಕೀಕರಣದ ನಂತರ ನಮ್ಮ ಕಾಲೇಜುಗಳು ಧಾರವಾಡದ ವಿಶ್ವವಿದ್ಯಾಲಯದ ಕಡೆಗೆ ಮುಖ ಮಾಡಿದವು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೇ ಬಂದಿತು. ವಿಶ್ವವಿದ್ಯಾಲಯ ಬದಲಾದರೂ ತಹಶೀಲಿನ ಹಳೆಯ ಕಟ್ಟುಗಳ ಭಾಷೆ ಬದಲಾಗಲಿಲ್ಲ.

ಉರ್ದು ವಿಭಾಗದ ಗುರುಗಳು ಹಿರಿಯರು, ಮೆಲುದನಿಯವರು. ವಾರಕ್ಕೆರಡು ದಿನ ತರಗತಿ ಮುಗಿದ ಮೇಲೆ ನಮ್ಮನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸಿದರು. ಅಕ್ಷರ ಬಂದ ಮೇಲೆ ಅವರು ಕಲಿಸಿದ್ದು ಕವಿತೆಯನ್ನಲ್ಲ, ನಿಜಾಮರ ಕಾಲದ ಕಂದಾಯ ಲೆಕ್ಕದ ವರ್ಷವಾದ ಫಸಲಿಯ ಹನ್ನೆರಡು ತಿಂಗಳುಗಳನ್ನು: ಆಜುರ್, ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಉರ್ದಿಬಿಹಿಷ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್. ಸಂಸ್ಥಾನದ ಕಾಗದಪತ್ರಗಳಲ್ಲಿ ವರ್ಷ ಆರಂಭವಾಗುತ್ತಿದ್ದುದು ಆಜುರಿನಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ ಎಂದು ನಮ್ಮಲ್ಲೊಬ್ಬ ಹೇಳಿದಾಗ, ಇತಿಹಾಸದ ಗುರುಗಳು ಕರಿಹಲಗೆಯ ಮೇಲೆ ‘ಆಬಾನ್ 1357’ ಎಂದು ಬರೆದು ಲೆಕ್ಕ ಹಾಕಲು ಹೇಳಿದರು. 1947 ಎಂದು ಉತ್ತರ ಬಂತು. ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಭಾರತಕ್ಕೆ ಸೇರಿದ್ದು ಆ ತಿಂಗಳಿನಲ್ಲಿ, ಹಾಗಾದರೆ ಅದು 1947ರಲ್ಲಿ ಆಯಿತೇ ಎಂದು ಅವರು ಕೇಳಿದರು. ತರಗತಿ ಸುಮ್ಮನಾಯಿತು. ವರ್ಷ ಅಕ್ಟೋಬರಿನಲ್ಲಿ ಹುಟ್ಟುವುದರಿಂದ ಮೊದಲ ಮೂರು ತಿಂಗಳಿಗೆ ಮಾತ್ರ 590 ಕೂಡಿಸಬೇಕು, ಜನವರಿ ಬಂದ ಮೇಲೆ 591. ಆಬಾನ್ ಕೊನೆಯ ತಿಂಗಳಾದ್ದರಿಂದ ಅದು 1948ರ ಸೆಪ್ಟೆಂಬರ್. ಇಬ್ಬರು ಗುರುಗಳು ಒಂದೇ ಕರಿಹಲಗೆಯ ಎರಡು ಬದಿಗೆ ನಿಂತು, ಒಬ್ಬರು ಬಲದಿಂದ ಎಡಕ್ಕೆ ಉರ್ದುವಿನಲ್ಲಿ, ಇನ್ನೊಬ್ಬರು ಎಡದಿಂದ ಬಲಕ್ಕೆ ಕನ್ನಡದಲ್ಲಿ ಬರೆಯುತ್ತಾ ಆ ಕೋಷ್ಟಕವನ್ನು ತುಂಬಿದ ಸಂಜೆ ಈಗಲೂ ನನ್ನ ಕಣ್ಣ ಮುಂದಿದೆ.

ಪದವಿಯ ನಂತರ ಕಂದಾಯ ಇಲಾಖೆಗೆ ಸೇರಿದ ನನಗೆ ಹೆಚ್ಚಿನ ವರ್ಷಗಳು ಕಳೆದದ್ದು ಹಳೆಯ ದಾಖಲೆಗಳ ಕೋಣೆಯಲ್ಲಿ. ಸೇತ್ವಾರ್, ಖಾಸ್ರಾ ಪಹಣಿ, ಇನಾಮಿನ ಮುಂತಖಬ್ ಎಂದು ಹೆಸರಿಟ್ಟ ಜಮೀನು ದಾಖಲೆಗಳ ಆ ಕಟ್ಟುಗಳನ್ನು ಬಿಚ್ಚಿದರೆ, ಕೈಬರಹದ ಉರ್ದು. ಒಮ್ಮೆ ಚಿತ್ತಾಪುರ ಕಡೆಯ ಒಬ್ಬ ಮುದುಕಿ, ಮಾವನ ಕಾಲದ ಕಾಗದವೊಂದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟರು. ಆಕೆಯ ತಕರಾರೆಲ್ಲ ಹೊಲ ಮೊದಲು ಯಾರ ಹೆಸರಿಗೆ ಆಯಿತು ಎಂಬುದರ ಮೇಲೆ ನಿಂತಿತ್ತು. ಯಾರೋ ಮಾಡಿಕೊಟ್ಟಿದ್ದ ಕನ್ನಡ ತರ್ಜುಮೆಯಲ್ಲಿ ಇಸವಿ 1942 ಎಂದಿತ್ತು. ಮೂಲದಲ್ಲಿ ಇದ್ದದ್ದು ಮೆಹರ್ 1352 ಫಸಲಿ. ಅದು 1943ರ ಆಗಸ್ಟ್. ಒಂದು ವರ್ಷದ ವ್ಯತ್ಯಾಸದಿಂದ ಎರಡು ಕಾಗದಗಳ ಹಿಂದುಮುಂದು ಬದಲಾಗುತ್ತಿತ್ತು. ಆಕೆಗೆ ಅದನ್ನು ಬಿಡಿಸಿ ಹೇಳಿ, ಟಿಪ್ಪಣಿಯಲ್ಲಿ ಸರಿಯಾದ ತಿಂಗಳನ್ನು ಬರೆದಾಗ, ಆ ಮೂಲೆಯ ಕೋಣೆಯ ಇಬ್ಬರೂ ಗುರುಗಳು ನನ್ನ ಬೆನ್ನ ಹಿಂದೆ ನಿಂತಂತೆ ಅನ್ನಿಸಿತು.

2021ರಲ್ಲಿ ಹೊಸ ಶಿಕ್ಷಣ ನೀತಿ ನಮ್ಮ ರಾಜ್ಯದ ಪದವಿ ತರಗತಿಗಳಿಗೆ ಬಂದಾಗ ನಾನು ತುಂಬ ಆಸೆಪಟ್ಟಿದ್ದೆ. ವಾಣಿಜ್ಯ ಓದುವವರು ಭೂಗೋಳದ ಒಂದು ಪತ್ರಿಕೆಯನ್ನು, ವಿಜ್ಞಾನದವರು ಇತಿಹಾಸದ ಒಂದು ಪತ್ರಿಕೆಯನ್ನು ಮುಕ್ತ ಆಯ್ಕೆಯಾಗಿ ತೆಗೆದುಕೊಳ್ಳುವ ಅವಕಾಶ ಅದರಲ್ಲಿತ್ತು. ನಾವು ಸಂಜೆ ಕದ್ದು ಕಲಿತದ್ದಕ್ಕೆ ಈಗ ಅಂಕಗಳೂ ಸಿಗುತ್ತವೆಂದು ಭಾವಿಸಿದ್ದೆ. ಬಿ.ಕಾಂ. ಸೇರಿದ ನನ್ನ ತಂಗಿಯ ಮಗಳು ಭೂಗೋಳ ಕೇಳಿದಾಗ, ಆ ವಿಷಯಕ್ಕೆ ಕಾಯಂ ಅಧ್ಯಾಪಕರಿಲ್ಲವೆಂದು ಅವಳ ಕಾಲೇಜಿನಲ್ಲಿ ಹೇಳಿ, ತಮ್ಮಲ್ಲಿ ಲಭ್ಯವಿದ್ದ ಒಂದನ್ನು ಕೊಟ್ಟರು. 2024ರಿಂದ ಮತ್ತೆ ಮೂರು ವರ್ಷದ ಪದವಿಯ ಪದ್ಧತಿಗೆ ಮರಳಿದ್ದೇವೆ. ಪದ್ಧತಿ ಯಾವುದೇ ಇರಲಿ, ಭೂಗೋಳದ ಪ್ರಯೋಗಾಲಯಕ್ಕೆ, ಉರ್ದುವಿನ ಮೂಲೆಯ ಕೋಣೆಗೆ ಬೀಗ ಬಿದ್ದರೆ ವಿದ್ಯಾರ್ಥಿಯ ಮುಂದೆ ಆಯ್ಕೆ ಎಂಬುದು ಉಳಿಯುವುದಿಲ್ಲ. ಆರು ಜನರ ತರಗತಿ ನಷ್ಟದ ಬಾಬ್ತು ಎಂದು ಲೆಕ್ಕ ಹಾಕುವವರಿಗೆ ನಾನು ಆ ಮುದುಕಿಯ ಕಾಗದವನ್ನು ತೋರಿಸಲು ಬಯಸುತ್ತೇನೆ.

ಕಳೆದ ವರ್ಷ ಕಾಲೇಜಿಗೆ ಬಂದಾಗ ಕರಿಹಲಗೆಯ ಜಾಗದಲ್ಲಿ ಫ್ಲೆಕ್ಸ್ ಇತ್ತು, ನಮ್ಮ ಕೊನೆಯ ಸಾಲು ಅದರಲ್ಲಿರಲಿಲ್ಲ. ಆ ಸಾಲಿನ ಮೂರು ವಿಷಯಗಳಲ್ಲಿ ಇತಿಹಾಸ ಮತ್ತು ಐಚ್ಛಿಕ ಕನ್ನಡಕ್ಕೆ ಮಾತ್ರ ವಿದ್ಯಾರ್ಥಿಗಳಿದ್ದಾರೆಂದು ತಿಳಿಯಿತು. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ನಮ್ಮ ಕಚೇರಿಗೆ ರಜೆ. ಆ ದಿನಗಳಲ್ಲಿ ಕಾಲೇಜು ಒಂದು ಕೋಣೆ ಬಿಟ್ಟುಕೊಟ್ಟರೆ, ಬಂದಷ್ಟು ಜನರಿಗೆ ಉರ್ದು ಅಕ್ಷರವನ್ನೂ ಫಸಲಿ ತಿಂಗಳುಗಳನ್ನೂ ಕಲಿಸಲು ನಾನು ಸಿದ್ಧನಿದ್ದೇನೆಂದು ಪ್ರಾಂಶುಪಾಲರಿಗೆ ಬರೆದಿದ್ದೇನೆ. ಇಬ್ಬರು ಗುರುಗಳ ಕೈಬರಹ ಎರಡು ಬದಿಗಿದ್ದ ಆ ಕೋಷ್ಟಕವನ್ನು ಅಂದು ನನ್ನ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡಿದ್ದೆ. ಅದರ ಒಂದು ಪ್ರತಿಯನ್ನು ಈ ಲೇಖನದ ಜೊತೆಗೆ ಸಂಪಾದಕರಿಗೆ ಕಳುಹಿಸುತ್ತಿದ್ದೇನೆ.