ಕಾವಲೂರಿಗೆ ನಕ್ಷತ್ರ ನೋಡಲು ಹೋಗುವವರಿಗೆ

ಕಾವಲೂರಿನಲ್ಲಿ ನಮ್ಮ ಮೊದಲ ರಾತ್ರಿಯನ್ನು ಹಾಳುಮಾಡಿದ್ದು ಮೋಡವಲ್ಲ, ಗೇಟಿನ ಮೇಲಿದ್ದ ಫ್ಲಡ್‌ಲೈಟು. ಫಾಲ್ಗುಣ ಅಮಾವಾಸ್ಯೆಗೆ ಹತ್ತಿರದ ಶನಿವಾರವನ್ನು ಎರಡು ತಿಂಗಳ ಮೊದಲೇ ಗೊತ್ತುಮಾಡಿಕೊಂಡು, ನಮ್ಮ ಹವ್ಯಾಸಿ ಖಗೋಳ ವೀಕ್ಷಕರ ಬಳಗದ ಹನ್ನೊಂದು ಮಂದಿ ಬೆಂಗಳೂರಿನಿಂದ ತಮಿಳುನಾಡಿನ ಜವ್ವಾದಿ ಬೆಟ್ಟಗಳಿಗೆ ಹೊರಟಿದ್ದೆವು. ಕತ್ತಲೆಯ ಆಕಾಶವನ್ನೇ ಹೇಳಿಕೊಂಡು ತಲೆಗೆ 2,200 ರೂಪಾಯಿ ಪಡೆದ ತಂಗುದಾಣದವರು ಆ ದೀಪವನ್ನು ಬೆಳಗಿನವರೆಗೆ ಆರಿಸಲು ಒಪ್ಪಲಿಲ್ಲ. ಕರಡಿ ಬರುತ್ತದೆ ಎಂಬುದು ಕಾವಲುಗಾರನ ವಾದ. ಆತನ ಭಯ ಸುಳ್ಳಿರಲಾರದು, ಆದರೆ ಹಣ ಪಡೆಯುವಾಗ ಕರಡಿಯ ಮಾತು ಯಾರೂ ಎತ್ತಿರಲಿಲ್ಲ. ಕೋಣೆ ಕಾದಿರಿಸುವ ಮೊದಲು ಊಟದ ವಿಚಾರವನ್ನಲ್ಲ, ಹೊರಗಿನ ದೀಪಗಳ ವಿಚಾರವನ್ನು ಕೇಳಿ, ರಾತ್ರಿ ಹತ್ತು ಗಂಟೆಯ ಮೇಲೆ ತೆಗೆದ ಅಂಗಳದ ಚಿತ್ರವೊಂದನ್ನು ತರಿಸಿಕೊಳ್ಳಿ.

ಇಲ್ಲಿರುವ ವೈನು ಬಪ್ಪು ವೀಕ್ಷಣಾಲಯದ ಬಗ್ಗೆಯೂ ಒಂದು ತಪ್ಪು ನಿರೀಕ್ಷೆ ಇರುತ್ತದೆ. 1986ರಲ್ಲಿ ಉದ್ಘಾಟನೆಯಾದ 2.34 ಮೀಟರ್ ವ್ಯಾಸದ ದೂರದರ್ಶಕಕ್ಕೆ ಕಣ್ಣಿಟ್ಟು ಶನಿಯ ಬಳೆಗಳನ್ನು ನೋಡಬಹುದೆಂದುಕೊಂಡು ಹೋದವರು ನಿರಾಶರಾಗುತ್ತಾರೆ. ಅದರ ಬೆಳಕು ಹೋಗುವುದು ಕ್ಯಾಮೆರಾಗಳಿಗೆ ಮತ್ತು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತ ಉಪಕರಣಗಳಿಗೆ. ಹಾಗಿದ್ದರೂ, 1977ರಲ್ಲಿ ಯುರೇನಸ್ಸಿನ ಉಂಗುರಗಳ ಸುಳಿವನ್ನು ದಾಖಲಿಸಿದ ದೂರದರ್ಶಕಗಳಲ್ಲಿ ಒಂದಾದ ಒಂದು ಮೀಟರಿನ ಹಳೆಯದು ಇದೇ ಆವರಣದಲ್ಲಿದೆ ಎಂಬ ಕಾರಣಕ್ಕಾದರೂ ಹೋಗಬೇಕು. ಭೇಟಿಯ ದಿನ, ವೇಳೆಗಳನ್ನು ಹೊರಡುವ ಮೊದಲು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ವಿಚಾರಿಸಿಕೊಳ್ಳಿ.

ಜೋಲಾರ್‌ಪೇಟೆಯವರೆಗೆ ರೈಲಿನಲ್ಲಿ ಬಂದು ವಾಣಿಯಂಬಾಡಿ, ಆಲಂಗಾಯಂ ಮಾರ್ಗವಾಗಿ ಬಸ್ಸು ಹಿಡಿದೆವು. ಆಲಂಗಾಯಮ್ಮಿನಿಂದ ಮುಂದಿನ ಬಸ್ಸಿನಲ್ಲಿ ಆರು ಇಂಚಿನ ದೂರದರ್ಶಕದ ಕೊಳವೆಯನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಬಂದೆ; ಕಂಡಕ್ಟರು ಅದನ್ನು ಬೋರ್‌ವೆಲ್ಲಿನ ಪೈಪೆಂದು ತಿಳಿದು ಲಗೇಜಿನ ದರ ಕೇಳಿದರು. ತಿರುವುಗಳಲ್ಲಿ ಕನ್ನಡಿ ಎಷ್ಟು ಅಲುಗಿತೆಂದರೆ ರಾತ್ರಿ ಅದನ್ನು ಮತ್ತೆ ಸರಿಹೊಂದಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಸ್ಸಿನಲ್ಲಿ ಹೋಗುವವರಿಗೆ 10x50 ಬೈನಾಕ್ಯುಲರ್ ಸಾಕು.

ಫ್ಲಡ್‌ಲೈಟಿನಿಂದ ತಪ್ಪಿಸಿಕೊಂಡು, ಪಕ್ಕದ ರೈತರೊಬ್ಬರ ಒಪ್ಪಿಗೆ ಪಡೆದು, ರಾಗಿ ಕೊಯ್ದಿದ್ದ ಅವರ ಬೀಳು ಹೊಲದಲ್ಲಿ ಕಂಬಳಿ ಹಾಸಿಕೊಂಡಾಗ ಹನ್ನೊಂದು ಗಂಟೆ ದಾಟಿತ್ತು. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜ ಪಶ್ಚಿಮಕ್ಕೆ ವಾಲಿತ್ತು. ಅರ್ಧ ಗಂಟೆ ಯಾರೂ ಮೊಬೈಲ್ ತೆಗೆಯದೆ ಕುಳಿತ ಮೇಲೆ ಕಣ್ಣು ಕತ್ತಲೆಗೆ ಪಳಗಿ, ದಕ್ಷಿಣದಲ್ಲಿ ಈಟಾ ಕರೀನಾ ನೀಹಾರಿಕೆಯ ಮಸುಕು ಬೆಳಕು ಬರಿಗಣ್ಣಿಗೇ ಎದ್ದು ಕಂಡಿತು. ನಮಗೆ ಬೇಕಿದ್ದದ್ದು ಒಮೇಗಾ ಸೆಂಟಾರಿ ಎಂಬ ಗೋಳಾಕಾರದ ನಕ್ಷತ್ರಗುಚ್ಛ. ಈ ಅಕ್ಷಾಂಶದಲ್ಲಿ ಅದು ದಕ್ಷಿಣ ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರಕ್ಕೆ ಏರುತ್ತದೆ. ಬೆಂಗಳೂರಿನಲ್ಲೂ ಹೆಚ್ಚು ಕಡಿಮೆ ಅಷ್ಟೇ ಏರಿದರೂ ನಗರದ ಬೆಳಕಿನಲ್ಲಿ ಕರಗಿಹೋಗುತ್ತದೆ. ಎರಡು ಗಂಟೆಯ ಹೊತ್ತಿಗೆ ದೂರದರ್ಶಕದಲ್ಲಿ ಅದು ಕಪ್ಪು ಬಟ್ಟೆಯ ಮೇಲೆ ಚೆಲ್ಲಿದ ಗಸಗಸೆಯಂತೆ, ಅಂಚಿನಲ್ಲಿ ಬಿಡಿಬಿಡಿಯಾಗಿ, ನಡುವೆ ಒತ್ತಾಗಿ ಕಂಡಿತು. ಆಮೇಲೆ ಮಸೂರಕ್ಕೆ ಇಬ್ಬನಿ ಹಿಡಿಯಿತು. ಒಣ ಬಟ್ಟೆಯಿಂದ ಒರೆಸಲು ಹೋಗಬೇಡಿ, ಗೀರು ಬೀಳುತ್ತದೆ.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆಯ ಕಾಟವಿರುವುದರಿಂದ ಜನವರಿಯಿಂದ ಏಪ್ರಿಲ್ ವರೆಗಿನ ಅಮಾವಾಸ್ಯೆಗಳನ್ನೇ ಆರಿಸಿಕೊಳ್ಳಿ. ಐದಾರು ಜನರಿದ್ದರೆ ಇನ್ನೂ ಒಳ್ಳೆಯದು. ಹನ್ನೊಂದು ಜನರಲ್ಲಿ ಒಬ್ಬನಾದರೂ ಟಾರ್ಚು ಹೊತ್ತಿಸಿಯೇ ಹೊತ್ತಿಸುತ್ತಾನೆ.

ಭಾನುವಾರ ಮಧ್ಯಾಹ್ನದವರೆಗೂ ನಿದ್ದೆ ಮಾಡಿದ್ದರಿಂದ ಬರೆಯಲು ಏನೂ ಇಲ್ಲ. ಹಿಂತಿರುಗುವಾಗ ಆಲಂಗಾಯಂ ಬಸ್ ನಿಲ್ದಾಣದ ಬಳಿ, ಫಲಕವೂ ಇಲ್ಲದ ತಗಡಿನ ಮಾಡಿನ ಹೋಟೆಲಿನಲ್ಲಿ ತಿಂದದ್ದನ್ನು ಮಾತ್ರ ಹೇಳಲೇಬೇಕು. ಬಾಳೆಎಲೆಯ ಮೇಲೆ ಆವಿಯಾಡುವ ನಾಲ್ಕು ಇಡ್ಲಿ, ಕೆಂಪು ಮೆಣಸಿನಕಾಯಿಯ ಖಾರ ಚಟ್ನಿ, ಅದರ ಉರಿ ಇಳಿಸಲು ಕಡಲೆ ಚಟ್ನಿ, ಕೇಳದೆಯೇ ಮತ್ತೆ ಮತ್ತೆ ಸುರಿದ ಸಾಂಬಾರು. ಒಲೆಯ ಮುಂದಿದ್ದ ಅಜ್ಜಿ ನಮ್ಮ ಕೆಂಪಾದ ಕಣ್ಣುಗಳನ್ನು ನೋಡಿ, ಯಾರಾದರೂ ತೀರಿಹೋದರೇ ಎಂದು ತಮಿಳಿನಲ್ಲಿ ವಿಚಾರಿಸಿದರು. ನಕ್ಷತ್ರ ನೋಡಲು ನಿದ್ದೆಗೆಟ್ಟೆವು ಎಂದಾಗ ನಕ್ಕು, ತಲೆಗೊಂದು ವಡೆ ಹೆಚ್ಚಿಗೆ ಹಾಕಿದರು. ಹನ್ನೊಂದು ಜನರ ಬಿಲ್ಲು 500 ರೂಪಾಯಿಯನ್ನೂ ಮುಟ್ಟಲಿಲ್ಲ.