ಕುರ್ಚಿ ಕೊಳ್ಳುವ ಮುನ್ನ ಕಾಲು ಅಳೆದುಕೊಳ್ಳಿ

ಎರ್ಗೊನಾಮಿಕ್ ಕುರ್ಚಿ, ಅಂದರೆ ಮೈಗೆ ಹೊಂದುವಂತೆ ರೂಪಿಸಿದ ಕುರ್ಚಿ, ನೋಡಲು ಹೊರಟವರ ಕಣ್ಣು ಮೊದಲು ಬೀಳುವುದು ಬೆನ್ನಿನ ಭಾಗದ ಮೇಲೆ. ಸೊಂಟದ ಹಿಂಭಾಗಕ್ಕೆ ಆಸರೆಯಾಗುವ ಲಂಬಾರ್ ಸಪೋರ್ಟ್ ಇದೆಯೇ, ಹೆಡ್‌ರೆಸ್ಟ್ ಇದೆಯೇ, ಬಲೆಯಂಥ ಬಟ್ಟೆ (ಮೆಶ್) ಹೇಗಿದೆ? ಇವೆಲ್ಲ ಆಮೇಲಿನ ಮಾತು. ಸೀಟು ಕಾಲಿಗೆ ಹೊಂದದಿದ್ದರೆ ಕೂತವರು ಮುಂದಕ್ಕೆ ಜಾರುತ್ತಾರೆ, ಬೆನ್ನು ಆ ಲಂಬಾರ್ ಸಪೋರ್ಟನ್ನು ಮುಟ್ಟುವುದೇ ಇಲ್ಲ.

ಟೇಪು ಹಿಡಿದು ಎರಡು ಅಳತೆ ತೆಗೆದುಕೊಳ್ಳಿ. ಕೆಲಸದ ಹೊತ್ತಿನಲ್ಲಿ ಚಪ್ಪಲಿ, ಶೂ ಏನು ಹಾಕುತ್ತೀರೋ ಅದನ್ನೇ ಹಾಕಿಕೊಂಡು ಗಟ್ಟಿಯಾದ ಸ್ಟೂಲಿನ ಮೇಲೆ ಕೂತು, ಮಂಡಿಯ ಹಿಂದಿನ ಮಡಿಕೆಯಿಂದ ನೆಲದವರೆಗೆ ಅಳೆದರೆ ಸೀಟಿನ ಎತ್ತರ ಸಿಕ್ಕಿತು. ಬಳಿಕ ಬೆನ್ನನ್ನು ಗೋಡೆಗೆ ತಾಗಿಸಿ ಕೂತು, ಗೋಡೆಯಿಂದ ಅದೇ ಮಡಿಕೆಯವರೆಗೆ ಅಳೆದು 5 ಸೆಂ.ಮೀ. ಕಳೆಯಿರಿ. ಅದು ಸೀಟಿನ ಆಳ. ಮಡಿಕೆಗೂ ಸೀಟಿನ ಅಂಚಿಗೂ ನಡುವೆ ಎರಡು–ಮೂರು ಬೆರಳು ಹೋಗುವಷ್ಟು ಜಾಗ ಇರಲೇಬೇಕು, ಇಲ್ಲವಾದರೆ ಅಂಚು ಒತ್ತಿ ಕಾಲು ಜೋಮು ಹಿಡಿಯುತ್ತದೆ.

ಕುಳ್ಳಗಿರುವವರಿಗೆ ತೊಂದರೆ ಹೆಚ್ಚು. ಅನೇಕ ಕುರ್ಚಿಗಳನ್ನು ಪೂರ್ತಿ ಇಳಿಸಿದರೂ ಸೀಟು ನೆಲದಿಂದ 44–45 ಸೆಂ.ಮೀ. ಮೇಲಿರುತ್ತದೆ. ಮಂಡಿ ಎತ್ತರ 39 ಸೆಂ.ಮೀ. ಇದ್ದವರ ಹಿಮ್ಮಡಿ ಗಾಳಿಯಲ್ಲೇ ಉಳಿಯುತ್ತದೆ. ಸೀಟನ್ನು ಏರಿಸಿ ಇಳಿಸುವ ಗ್ಯಾಸ್ ಸಿಲಿಂಡರ್ ಗಿಡ್ಡದಾಗಿರುವ ಮಾದರಿ ಕೇಳಬಹುದು. ಆದರೆ ಮೇಜಿನ ಎತ್ತರ ಸಾಮಾನ್ಯವಾಗಿ 72–75 ಸೆಂ.ಮೀ. ಇರುತ್ತದೆ. ಕುರ್ಚಿಯನ್ನು ಕಾಲಿಗೆ ತಕ್ಕಂತೆ ಇಳಿಸಿದರೆ ಕೀಬೋರ್ಡು ಮೊಣಕೈಗಿಂತ ಮೇಲಾಗಿ, ದಿನವಿಡೀ ಹೆಗಲು ಎತ್ತಿಕೊಂಡೇ ಇರಬೇಕಾಗುತ್ತದೆ. ಮೇಜು ಇಳಿಯದಿದ್ದರೆ ಕುರ್ಚಿಯನ್ನು ಮೊಣಕೈಗೆ ಹೊಂದಿಸಿ, ಪಾದದ ಕೆಳಗೆ ಫುಟ್‌ರೆಸ್ಟ್ ಇಡುವುದೇ ದಾರಿ. ದಪ್ಪ ಹಲಗೆಯೂ ಆದೀತು.

ಸೀಟಿನ ಆಳವನ್ನು ಹಿಂದೆ ಮುಂದೆ ಸರಿಸುವ ಸ್ಲೈಡರ್ ಹೆಡ್‌ರೆಸ್ಟಿಗಿಂತ ಎಷ್ಟೋ ಪಾಲು ಉಪಯೋಗದ್ದು. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡು ಕೊಡುವುದಾದರೆ ಸ್ಲೈಡರಿಗೇ ಕೊಡಿ. ಟೈಪ್ ಮಾಡುವಾಗ ಹೆಡ್‌ರೆಸ್ಟಿಗೆ ತಲೆ ತಾಗುವುದೇ ಅಪರೂಪ.

ಇನ್ನು ಸೀಟಿನ ಅಡಿಯ ಯಂತ್ರ. ಅಗ್ಗದ ಕುರ್ಚಿಗಳಲ್ಲಿ ಸೀಟು ತನ್ನ ನಡುವಿನಿಂದಲೇ ವಾಲುತ್ತದೆ: ಹಿಂದಕ್ಕೆ ಒರಗಿದರೆ ಮುಂದಿನ ಅಂಚು ಮೇಲೆದ್ದು ಪಾದವನ್ನು ನೆಲದಿಂದ ಎತ್ತಿಬಿಡುತ್ತದೆ. ಸಿಂಕ್ರೊ ಟಿಲ್ಟ್ ಎಂಬ ಯಂತ್ರದಲ್ಲಿ ಬೆನ್ನಿನ ಭಾಗ ಸುಮಾರು ಎರಡು ಡಿಗ್ರಿ ವಾಲಿದರೆ ಸೀಟು ಒಂದೇ ಡಿಗ್ರಿ ವಾಲುತ್ತದೆ, ಪಾದ ನೆಲದಲ್ಲೇ ಇರುತ್ತದೆ. ಸೊಂಟದ ಡಿಸ್ಕ್‌ಗಳಿಗೆ 90 ಡಿಗ್ರಿಯ ನೆಟ್ಟನೆಯ ಕೂರುವಿಕೆಗಿಂತ 100–110 ಡಿಗ್ರಿಯ ಒರಗು ಹಗುರ. ಹೀಗಿದ್ದೂ ಎಷ್ಟೋ ಜನ ಟಿಲ್ಟನ್ನು ಲಾಕ್ ಮಾಡಿಯೇ ಕೂರುವುದು ಏಕೆಂದರೆ ಒರಗುವ ಬಿಗಿಯನ್ನು ಹೊಂದಿಸುವ ಟೆನ್ಶನ್ ತಿರುಪನ್ನು ಮುಟ್ಟಿಯೇ ಇರುವುದಿಲ್ಲ. ಸೀಟಿನ ಕೆಳಗೆ ಅದು ದೊಡ್ಡ ಗುಬುಟಿನಂತೆ ಇರುತ್ತದೆ. ಲಾಕ್ ತೆಗೆದು ಒರಗಿ ನೋಡಿ. ಧೊಪ್ಪನೆ ಹಿಂದಕ್ಕೆ ಹೋದರೆ ಬಿಗಿ ಮಾಡಿ, ಕಾಲಿನಿಂದ ತಳ್ಳಬೇಕಾಗಿ ಬಂದರೆ ಸಡಿಲಿಸಿ. ಹತ್ತಾರು ಸುತ್ತು ಬೇಕಾಗಬಹುದು, ಎರಡು ಸುತ್ತಿಗೆ ಕೈ ಬಿಡಬೇಡಿ.

ಲಂಬಾರ್ ಉಬ್ಬು ಬೆಲ್ಟ್ ಕಟ್ಟುವ ಜಾಗದಲ್ಲೋ ಅದಕ್ಕಿಂತ ತುಸು ಮೇಲೋ ಕೂರಬೇಕು. ಸೀಟಿನಿಂದ ಮೇಲಕ್ಕೆ ಲೆಕ್ಕ ಹಾಕಿದರೆ ಇದು ಸುಮಾರು 15–25 ಸೆಂ.ಮೀ. ಆಗುತ್ತದೆ. ಎತ್ತರ ಬದಲಿಸಲಾಗದ ಉಬ್ಬು ಪಕ್ಕೆಲುಬಿಗೆ ಒತ್ತುತ್ತಿದ್ದರೆ ಆ ಕುರ್ಚಿ ನಿಮ್ಮದಲ್ಲ.

ಕೈ ಇಡುವ ಆರ್ಮ್‌ರೆಸ್ಟ್ ಮೇಜಿನಡಿಗೆ ನುಸುಳುವಷ್ಟು ತಗ್ಗಬೇಕು. ಅದು ಮೇಜಿನ ಅಂಚಿಗೆ ಡಿಕ್ಕಿ ಹೊಡೆದರೆ ಕೂತವರು ದೂರದಲ್ಲೇ ಉಳಿದು, ಮುಂದಕ್ಕೆ ಬಾಗಿ ಕೆಲಸ ಮಾಡುತ್ತಾರೆ. ಮೆಶ್ ಸೀಟಾದರೆ ಮುಂದಿನ ಪ್ಲಾಸ್ಟಿಕ್ ಚೌಕಟ್ಟು ತೊಡೆಗೆ ಒತ್ತುತ್ತದೆಯೇ ಎಂದು ಕನಿಷ್ಠ 20 ನಿಮಿಷ ಕೂತು ನೋಡಿ, ಎರಡು ನಿಮಿಷಕ್ಕೆ ಎಲ್ಲ ಕುರ್ಚಿಯೂ ಹಿತವೇ. ಫೋಮ್ ಸೀಟಿನಲ್ಲಿ ಕೂತಾಗ ಕೆಳಗಿನ ಹಲಗೆ ಮೂಳೆಗೆ ತಾಕಿದಂತಾದರೆ ಆ ಫೋಮ್ ತೆಳು ಅಥವಾ ಕಡಿಮೆ ಸಾಂದ್ರತೆಯದು. ಮುಂದೆ ಇನ್ನಷ್ಟು ಕುಸಿಯುತ್ತದೆಯೇ ಹೊರತು ಸರಿಹೋಗುವುದಿಲ್ಲ.

ಚಕ್ರ ನೆಲಕ್ಕೆ ತಕ್ಕಂತಿರಲಿ: ಕಾರ್ಪೆಟ್ಟಿಗೆ ಗಟ್ಟಿ ನೈಲಾನ್, ಟೈಲ್ಸ್ ಅಥವಾ ಮರದ ನೆಲಕ್ಕೆ ಮೆತ್ತನೆಯ ಪಾಲಿಯುರೆಥೇನ್. ತಪ್ಪು ಚಕ್ರ ಬಂದರೂ ಚಿಂತೆಯಿಲ್ಲ, ಎಳೆದರೆ ಕಳಚಿ ಬರುತ್ತದೆ. ಹೊಸದು ತರುವ ಮೊದಲು ಚಕ್ರವನ್ನು ಕುರ್ಚಿಗೆ ಸಿಕ್ಕಿಸುವ ಕಡ್ಡಿಯ ದಪ್ಪ ಅಳೆಯಿರಿ. ಹೆಚ್ಚಿನವು 11 ಮಿ.ಮೀ., ಕೆಲವು ಮಾತ್ರ 10.

ಕೂತಂತೆ ಕೂತಂತೆ ಸೀಟು ತಾನಾಗಿ ಇಳಿಯತೊಡಗಿದರೆ ಸಿಲಿಂಡರಿನ ಒಳಗಿನ ಸೀಲ್ ಸೋತಿದೆ ಎಂದರ್ಥ. ಬಾಯಿಮಾತಿನಲ್ಲಿ ಇದನ್ನು ಹೈಡ್ರಾಲಿಕ್ ಎಂದರೂ ಭಾರ ಹೊರುವುದು ಒತ್ತಿ ತುಂಬಿದ ನೈಟ್ರೋಜನ್. ಹಾಗಾಗಿ ಅದನ್ನು ಕೊರೆಯುವುದು, ಬಿಚ್ಚುವುದು, ಕಾಯಿಸುವುದು ಯಾವುದೂ ಬೇಡ, ಇಡಿಯಾಗಿ ಬದಲಿಸಿ. ಅದಕ್ಕೆ ಬೋಲ್ಟಿರುವುದಿಲ್ಲ, ತುದಿ ಕಿರಿದಾಗುವ ಆಕಾರದಿಂದಲೇ ಕಚ್ಚಿಕೊಂಡಿರುತ್ತದೆ. ಕುರ್ಚಿ ಮಲಗಿಸಿ, ಐದು ಕಾಲಿನ ಬುಡವನ್ನು ಮೊದಲು ಬಡಿದು ತೆಗೆದು, ಸೀಟಿನ ಕಡೆ ಪೈಪ್ ರೆಂಚ್ ಹಾಕಿ ತಿರುಗಿಸಿದರೆ ಬಿಡುತ್ತದೆ. ಹೊಸದಕ್ಕೆ ಎಣ್ಣೆ, ಅಂಟು ಏನೂ ಹಚ್ಚಬೇಡಿ. ಸಿಕ್ಕಿಸಿ ಎರಡು ಸಲ ಭಾರ ಬಿಟ್ಟು ಕೂತರೆ ತಾನೇ ಕಚ್ಚಿಕೊಳ್ಳುತ್ತದೆ.