ಬನಿಯನ್ ತೆಗೆಸದೆ ನೋಡಿದ ಭುಜ

ನಾನು ಫಿಸಿಯೋಥೆರಪಿಸ್ಟ್. ರೆಫರಲ್ ಚೀಟಿಯಲ್ಲಿ ‘ಪಿಎ ಶೋಲ್ಡರ್’ (ಪೆರಿ ಆರ್ಥ್ರೈಟಿಸ್, ಅಂದರೆ ಬಿಗಿದುಕೊಂಡ ಭುಜ) ಅಂತಿತ್ತು. ರೋಗಿಗೆ 58 ವರ್ಷ. ಆರು ವಾರದ ಹಿಂದೆ ಸ್ಕೂಟರಿನಿಂದ ಬಿದ್ದಿದ್ದರು. ಎಕ್ಸ್‌ರೇ ನಾರ್ಮಲ್, ಬಲಗೈ ಮಾತ್ರ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಚೀಟಿ ನಂಬಿದೆ, ಹತ್ತು ಸಿಟ್ಟಿಂಗ್ ಐಎಫ್‌ಟಿ (ನೋವಿಗೆ ಕೊಡುವ ಕರೆಂಟ್ ಮೆಷಿನ್), ಪುಲ್ಲಿ (ರಾಟೆ ಹಗ್ಗದಿಂದ ಕೈ ಎತ್ತಿಸುವ ವ್ಯಾಯಾಮ). ಪ್ಯಾಸಿವ್ ರೇಂಜ್ (ರೋಗಿ ಸುಮ್ಮನಿದ್ದು ನಾವೇ ಎತ್ತಿದರೆ ಕೈ ಎಷ್ಟು ಹೋಗುತ್ತದೆ ಅನ್ನುವುದು) ನೋಡಲೇ ಇಲ್ಲ, ತಪ್ಪು ನನ್ನದು.

ಹನ್ನೊಂದನೇ ದಿನ ಅಂಗಾತ ಮಲಗಿಸಿ ನಾನೇ ಕೈ ಎತ್ತಿದರೆ ಸಲೀಸಾಗಿ ಕಿವಿಯ ಪಕ್ಕಕ್ಕೆ ಬಂತು. ಬಿಗಿದ ಭುಜ ಹಾಗೆ ಬರುವುದೇ ಇಲ್ಲ. ಅದರಲ್ಲಿ ಎಕ್ಸ್‌ಟರ್ನಲ್ ರೊಟೇಷನ್ (ಇಆರ್, ತೋಳು ಹೊರಕ್ಕೆ ತಿರುಗುವುದು) ಮೊದಲು ಕಟ್ಟಿಕೊಳ್ಳುತ್ತದೆ, ನಾವು ತಿರುಗಿಸಿದರೂ ತಿರುಗದು. ಕೂರಿಸಿದೆ. ಮೊಣಕೈ 90 ಡಿಗ್ರಿ ಮಡಚಿ, ತೋಳನ್ನು ಪಕ್ಕೆಯಿಂದ 20 ಡಿಗ್ರಿ ಎತ್ತಿ, ಪೂರ್ತಿ ಹೊರಕ್ಕೆ ತಿರುಗಿಸಿ, 5 ಡಿಗ್ರಿ ಹಿಂದಕ್ಕೆ ತಂದು, ‘ಹೀಗೇ ಹಿಡ್ಕೊಳ್ಳಿ ಸರ್’ ಅಂದು ಮಣಿಕಟ್ಟು ಬಿಟ್ಟೆ. ಮುಂಗೈ ಚಿಲಕವಿಲ್ಲದ ಬಾಗಿಲಿನ ಹಾಗೆ ಹೊಟ್ಟೆಯ ಕಡೆ ವಾಲಿತು. ‘ನಾನು ಹಿಡ್ಕೊಂಡೇ ಇದೀನಿ, ಅದೇ ಹೋಗ್ತಿದೆ’ ಅಂದರು.

ಆಗ ಬನಿಯನ್ ತೆಗೆಸಿದೆ. ಸ್ಕ್ಯಾಪುಲಾದ (ಬೆನ್ನಿನ ಹೆಗಲಮೂಳೆಯ) ಸ್ಪೈನ್ ಎಂಬ ಏಣಿನ ಕೆಳಗೆ ಬೆರಳು ಕೂರುವಷ್ಟು ತಗ್ಗು: ತೋಳನ್ನು ಹೊರಕ್ಕೆ ತಿರುಗಿಸುವ ಸ್ನಾಯು ಇನ್‌ಫ್ರಾಸ್ಪೈನೇಟಸ್ ಸೊರಗಿತ್ತು. ಏಣಿನ ಮೇಲ್ಗಡೆಯ ಸ್ನಾಯು ಸುಪ್ರಾಸ್ಪೈನೇಟಸ್ ಸೊರಗಿದರೆ ಇಷ್ಟು ಸುಲಭಕ್ಕೆ ಕಾಣದು, ಮೇಲೆ ಟ್ರೆಪೀಜಿಯಸ್ ಸ್ನಾಯು ಹೊದ್ದುಕೊಂಡಿರುತ್ತದೆ. ಈ ಎರಡು ಸ್ನಾಯುಗಳಿಗೆ ಹೋಗುವ ಸುಪ್ರಾಸ್ಕ್ಯಾಪುಲರ್ ನರ ಸಿಕ್ಕಿಕೊಂಡರೂ ಇಂಥದೇ ತಗ್ಗು ಬೀಳುವುದರಿಂದ ಸ್ಕ್ಯಾನ್‌ಗೆ ಕಳಿಸಲೇಬೇಕಿತ್ತು.

ತೋಳಿನ ಮೂಳೆ ಕೂರುವ ಗುಳಿ, ಗ್ಲೆನಾಯ್ಡ್, ಆಳವಿಲ್ಲದ ತಟ್ಟೆ. ಭುಜದ ಹೊರಗಿನ ದೊಡ್ಡ ಸ್ನಾಯು ಡೆಲ್ಟಾಯ್ಡ್ ಎಳೆದಾಗ ಹ್ಯೂಮರಸ್ (ತೋಳಿನ ಮೂಳೆ) ತಲೆ ಮೇಲಕ್ಕೆ ಜಾರಿ, ಭುಜದ ಮೇಲಿನ ಮೂಳೆಚಾವಣಿಯಾದ ಅಕ್ರೋಮಿಯನ್‌ಗೆ ತಾಗಲು ಹೊರಡುತ್ತದೆ. ಹಾಗಾಗದಂತೆ ತಟ್ಟೆಗೆ ಒತ್ತಿ ಹಿಡಿಯುವುದು ಕಫ್‌ ಎಂಬ ನಾಲ್ಕು ಸ್ನಾಯುಗಳ ಕೆಲಸ: ಮುಂದೆ ಹ್ಯೂಮರಸ್‌ನ ಚಿಕ್ಕ ಗಂಟು ಲೆಸರ್ ಟ್ಯೂಬರ್ಕಲ್‌ಗೆ ಸಬ್‌ಸ್ಕ್ಯಾಪುಲಾರಿಸ್, ದೊಡ್ಡ ಗಂಟು ಗ್ರೇಟರ್‌ನಲ್ಲಿ ಮೇಲಿಂದ ಕೆಳಕ್ಕೆ ಸುಪ್ರಾ, ಇನ್‌ಫ್ರಾ, ಟೆರೆಸ್ ಮೈನರ್. ಮುಂದಿನ ಎಳೆತಕ್ಕೆ ಹಿಂದಿನದು ಸರಿದೂಗಿದರೆ ತಲೆ ನಡುವೆ ನಿಲ್ಲುತ್ತದೆ. ಇವರಲ್ಲಿ ಹಿಂದಿನದೇ ಹೋಗಿತ್ತು. ಕೈ ಎತ್ತಲು ಹೋದರೆ ಹೆಗಲು ಕಿವಿಯ ಕಡೆ ಏರುತ್ತಿತ್ತು, ಅಷ್ಟೇ. ಪುಲ್ಲಿಯಲ್ಲಿ ದಿನವೂ ಅದನ್ನೇ ಮಾಡಿಸಿದ್ದೆ.

ಎಂಆರ್‌ಐನಲ್ಲಿ ಸುಪ್ರಾ ಪೂರ್ತಿ ಹರಿದು, ಹರಿತ ಇನ್‌ಫ್ರಾವರೆಗೂ ಹಬ್ಬಿತ್ತು. ಹರಿದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ದಿನ ಕಳೆದಂತೆ ಒಳಕ್ಕೆ ಸರಿಯುತ್ತದೆ, ಸ್ನಾಯುವಿನಲ್ಲಿ ಕೊಬ್ಬು ಸೇರುತ್ತದೆ, ಸರ್ಜನ್‌ಗೆ ಎಳೆದು ಹೊಲಿಯುವುದು ಕಷ್ಟವಾಗುತ್ತದೆ. ಅಂಥ ಎರಡು ವಾರವನ್ನು ನಾನು ಐಎಫ್‌ಟಿಯಲ್ಲಿ ಕಳೆದಿದ್ದೆ.

20 ನಿಮಿಷದ ಸ್ಲಾಟ್‌ನಲ್ಲಿ ಮ್ಯಾನೇಜ್‌ಮೆಂಟ್ ಕೇಳುವುದು ಎಷ್ಟು ಮೆಷಿನ್ ಹಾಕಿದಿರಿ ಅಂತ. ಅಸೆಸ್‌ಮೆಂಟ್ ಶೀಟಿನಲ್ಲಿ ಪ್ಯಾಸಿವ್ ಇಆರ್‌ಗೆ ಜಾಗವೇ ಇಲ್ಲ. ಈಗ ಬಿದ್ದು ಬಂದವರೆಲ್ಲರ ಶೀಟಿಗೂ ಪೆನ್ನಿನಲ್ಲಿ ಗೆರೆ ಎಳೆದು ಆ ಕಾಲಂ ಸೇರಿಸುತ್ತೇನೆ. ಅದು ತುಂಬುವವರೆಗೆ ಮೆಷಿನ್ ಆನ್ ಮಾಡುವುದಿಲ್ಲ.